ಕೃಷ್ಣೆಯ ದಂಡೆ, ಮಿರಜಿನ ದಾರಿ

ಕಾಗವಾಡದ ಒಂದು ಮನೆಯಲ್ಲಿ ನಡುರಾತ್ರಿಯ ಹೊತ್ತಿಗೆ ಒಬ್ಬರ ಬೇನೆ ಹೆಚ್ಚಾಯಿತೆನ್ನಿ. ಮನೆಯವರು ಗಾಡಿ ಹೂಡಿಸುತ್ತಾರೆ. ಹಿಂದೆ ಅದು ಚಕ್ಕಡಿ. ಈಗ ಜೀಪೋ ಕಾರೋ. ಯಾವ ಕಡೆಗೆ ತಿರುಗಿಸಬೇಕೆಂದು ಗಾಡಿಯವನು ಕೇಳುವುದಿಲ್ಲ. ಯಾರೂ ಹೇಳಬೇಕಾಗಿಯೂ ಇಲ್ಲ. ಜಿಲ್ಲೆಯ ಮುಖ್ಯ ಪಟ್ಟಣವಾದ ಬೆಳಗಾವಿ ತೆಂಕಣ ದಿಕ್ಕಿಗಿದೆ. ಅಲ್ಲಿಗೆ ನೂರು ಕಿಲೋಮೀಟರಿಗೆ ಮಿಕ್ಕ ದಾರಿ, ನಡುವೆ ಕೃಷ್ಣಾ ನದಿ. ಮಿರಜ ಇನ್ನೊಂದು ದಿಕ್ಕಿಗೆ, ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿದೆ. ಬೆಳಗಾವಿ ಇರುವುದು ಕರ್ನಾಟಕದಲ್ಲಿ, ಮಿರಜ ಇರುವುದು ಮಹಾರಾಷ್ಟ್ರದಲ್ಲಿ. ಆದರೆ ಬೇನೆಗೆ ರಾಜ್ಯ ಯಾವುದೆಂದು ತಿಳಿಯದು. ಗಾಡಿ ಮಿರಜಿನ ಹಾದಿ ಹಿಡಿಯುತ್ತದೆ. ನೂರು ವರ್ಷಕ್ಕೂ ಹಿಂದಿನಿಂದ ಆ ಊರಿನ ಗಾಡಿಗಳು ಹಿಡಿಯುತ್ತ ಬಂದಿರುವ ಹಾದಿ ಅದು.

ಈ ಒಂದು ಗಾಡಿಯ ಜಾಡನ್ನು ಹಿಡಿದು ಹಿಂದಕ್ಕೆ ಹೋದರೆ ಒಂದು ಸೀಮೆಯ ಆರೋಗ್ಯದ ಚರಿತ್ರೆಯೇ ಕಣ್ಣೆದುರಿಗೆ ಬರುತ್ತದೆ. ಚರಿತ್ರೆಯೆಂದರೆ ರಾಜರ ಕಾಳಗ, ಅವರ ಕರಾರು-ಕೌಲುಗಳು ಎಂದು ನಾವು ತಿಳಿದಿರುತ್ತೇವೆ. ಜನರು ಯಾವ ಬೇನೆಯಿಂದ ನರಳಿದರು, ಯಾವ ನೀರು ಕುಡಿದರು, ವೈದ್ಯನನ್ನು ಹುಡುಕಿಕೊಂಡು ಎಷ್ಟು ದೂರ ನಡೆದರು ಎಂಬುದೂ ಚರಿತ್ರೆಯೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲೂಕುಗಳಲ್ಲಿ ಆ ಚರಿತ್ರೆಯನ್ನು ಬಹುಮಟ್ಟಿಗೆ ಬರೆದದ್ದು ನೆಲ, ನೀರು ಮತ್ತು ದಾರಿ.

ಈ ವಿಚಾರ ನಮ್ಮ ಹಿರಿಯರಿಗೆ ಹೊಸದಲ್ಲ. ಆಯುರ್ವೇದದಲ್ಲಿ ದೇಶವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ. ನೀರೂ ಗಿಡಮರಗಳೂ ಕಡಿಮೆಯಾದ ಒಣ ಸೀಮೆ ಜಾಂಗಲ. ನೀರು, ಕಾಡು, ತೇವ ಹೆಚ್ಚಾಗಿರುವುದು ಆನೂಪ. ಎರಡರ ಗುಣವೂ ಬೆರೆತಿರುವುದು ಸಾಧಾರಣ. ರೋಗಿಯನ್ನು ಪರೀಕ್ಷಿಸುವಾಗ ಅವನು ಹುಟ್ಟಿ ಬೆಳೆದ ದೇಶವನ್ನೂ ಅರಿಯಬೇಕೆಂದು ಚರಕಸಂಹಿತೆ ಹೇಳುತ್ತದೆ. ಗ್ರೀಸ್ ದೇಶದಲ್ಲಿ ಹಿಪೊಕ್ರೆಟಿಸನ ಹೆಸರಿನಲ್ಲಿ ಬಂದ ಒಂದು ಗ್ರಂಥವೂ ಇದನ್ನೇ ಬೋಧಿಸಿತು: ಹೊಸ ಊರಿಗೆ ಬಂದ ವೈದ್ಯನು ಮೊದಲು ಅಲ್ಲಿಯ ಗಾಳಿ, ನೀರು, ಊರಿನ ನೆಲೆ ಇವನ್ನು ಗಮನಿಸಬೇಕು.

ಚರಕನ ಈ ಮೂರು ದೇಶಗಳನ್ನೂ ಒಂದೇ ದಿನದ ಪ್ರಯಾಣದಲ್ಲಿ ನೋಡಬೇಕೆನ್ನುವವರು ಬೆಳಗಾವಿ ಜಿಲ್ಲೆಯ ಈ ವಾಯವ್ಯ ಮೂಲೆಗೆ ಬರಬೇಕು. ಪಡುವಣಕ್ಕೆ ಸಹ್ಯಾದ್ರಿ. ಅಂಬೋಲಿಯ ಘಟ್ಟದ ಮೇಲೆ ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಸುರಿಯುತ್ತದೆ. ಅಲ್ಲಿಂದ ಮೂಡಣಕ್ಕೆ ಇಳಿದಂತೆ ಮಳೆ ಬಲುಬೇಗನೆ ಕಡಿಮೆಯಾಗುತ್ತ ಹೋಗುತ್ತದೆ. ನಿಪ್ಪಾಣಿಯ ಸುತ್ತ ಇನ್ನೂ ಹಸಿರು. ಚಿಕ್ಕೋಡಿ, ರಾಯಬಾಗಗಳಲ್ಲಿ ಹದ. ಅಥಣಿಯ ಮೂಡಲ ಹಳ್ಳಿಗಳನ್ನು ಮುಟ್ಟುವಷ್ಟರಲ್ಲಿ ಅಂಬೋಲಿಯ ಮಳೆಯ ಹತ್ತರಲ್ಲಿ ಒಂದು ಪಾಲೂ ಉಳಿಯುವುದಿಲ್ಲ. ಆದರೆ ಮೋಡ ಕೊಡದ ನೀರನ್ನು ನದಿ ತಂದುಕೊಡುತ್ತದೆ. ಮಹಾಬಳೇಶ್ವರದಲ್ಲಿ ಹುಟ್ಟಿದ ಕೃಷ್ಣೆ ಈ ತಾಲೂಕುಗಳ ನಡುವೆ ಹರಿಯುತ್ತಾಳೆ. ವೇದಗಂಗೆಯನ್ನು ಕೂಡಿಕೊಂಡ ದೂಧಗಂಗೆ ಚಿಕ್ಕೋಡಿಯ ಸೀಮೆಯಲ್ಲಿ ಅವಳನ್ನು ಸೇರುತ್ತದೆ. ನದಿಯ ತೆಂಕಣ ದಂಡೆಗೆ ಚಿಕ್ಕೋಡಿ, ರಾಯಬಾಗ. ಬಡಗಣ ದಂಡೆಗೆ ಅಥಣಿ, ಕಾಗವಾಡ. ಹೀಗೆ ನೆಲ ಒಣಗಿದ್ದು, ನಡುವೆ ತುಂಬಿದ ಹೊಳೆ. ಈ ಸೀಮೆಯ ಸುಖವೂ ದುಃಖವೂ ಇದರೊಳಗೇ ಅಡಗಿವೆ.

ಮೊದಲು ಒಣ ನೆಲದ ಮಾತು. 1876ರಿಂದ 1878ರವರೆಗಿನ ದೊಡ್ಡ ಬರ ಮುಂಬಯಿ ಇಲಾಖೆಯ ಕನ್ನಡ ಜಿಲ್ಲೆಗಳನ್ನು ಹಿಂಡಿಹಾಕಿತು. ಬೆಳಗಾವಿ, ಧಾರವಾಡ ಮತ್ತು ಆಗ ಕಲಾದಗಿ ಜಿಲ್ಲೆಯೆಂದು ಕರೆಯುತ್ತಿದ್ದ ಬಿಜಾಪುರದ ಸೀಮೆ ಮೂರೂ ಬಳಲಿದುವು. ಬರದಲ್ಲಿ ಜನ ಸಾಯುವುದು ಬರಿಯ ಹಸಿವೆಯಿಂದಲ್ಲ. ಹಸಿದ ಮೈಗೆ ರೋಗ ಬೇಗ ತಗಲುತ್ತದೆ. ಬಾವಿ ಬತ್ತಿದಾಗ ಊರವರೆಲ್ಲ ಉಳಿದ ಒಂದೇ ಗುಂಡಿಯ ನೀರಿಗೆ ಇಳಿಯುತ್ತಾರೆ. ಕೆಲಸದ ಕ್ಯಾಂಪುಗಳಲ್ಲಿ ಸಾವಿರಾರು ಜನ ಒತ್ತಾಗಿ ಇರುತ್ತಾರೆ. ಬರದ ಬೆನ್ನಿಗೆ ವಾಂತಿಭೇದಿ ಬರುತ್ತದೆ. ಮರಳಿ ಮಳೆಯಾದೊಡನೆ ಚಳಿಜ್ವರ ಬರುತ್ತದೆ.

ನೀರಿನ ಕೊರತೆ ತಂದ ಇನ್ನೊಂದು ಬೇನೆಯನ್ನು ಬಡಗಣ ಕರ್ನಾಟಕದ ಹಿರಿಯರು ಇನ್ನೂ ನೆನೆಯುತ್ತಾರೆ. ಅದು ನಾರುಹುಣ್ಣು. ಕಾಲಿನ ಹುಣ್ಣಿನಿಂದ ನೂಲಿನಂಥ ಹುಳು ಹೊರಬರುತ್ತಿತ್ತು. ದಿನಕ್ಕಿಷ್ಟು ಎಂದು ಅದನ್ನು ಕಡ್ಡಿಗೆ ಸುತ್ತುತ್ತ ವಾರಗಟ್ಟಲೆ ಮಲಗಬೇಕಾಗಿತ್ತು. ಆ ಉರಿಯನ್ನು ತಾಳಲಾರದೆ ರೋಗಿ ಮೆಟ್ಟಿಲು ಬಾವಿಗಿಳಿದು ಕಾಲು ನೆನೆಸಿದನೆಂದರೆ ಹುಳುವಿನ ಮರಿಗಳು ನೀರಿಗೆ ಬೀಳುತ್ತಿದ್ದುವು. ಕಣ್ಣಿಗೆ ಕಂಡೂ ಕಾಣದಂಥ ಒಂದು ನೀರುಹುಳು ಅವನ್ನು ನುಂಗುತ್ತಿತ್ತು. ಆ ನೀರನ್ನು ಸೋಸದೆ ಕುಡಿದವನ ಕಾಲಿನಲ್ಲಿ ಒಂದು ವರ್ಷದ ಮೇಲೆ ಅದೇ ಹುಣ್ಣು ಏಳುತ್ತಿತ್ತು. ಇದಕ್ಕೆ ಔಷಧಿಯೂ ಇರಲಿಲ್ಲ, ಲಸಿಕೆಯೂ ಇರಲಿಲ್ಲ. ಇಳಿದು ನೀರು ತುಂಬುವ ಬಾವಿಯನ್ನು ಸೇದುವ ಬಾವಿಯನ್ನಾಗಿ ಮಾಡಿದ್ದು, ಕೊಳವೆಬಾವಿ ಕೊರೆದದ್ದು, ನೀರನ್ನು ಬಟ್ಟೆಯಲ್ಲಿ ಸೋಸಿದ್ದು ಇವೇ ಮದ್ದಾದುವು. 1996ರಲ್ಲಿ ಭಾರತದ ಕೊನೆಯ ನಾರುಹುಣ್ಣಿನ ರೋಗಿ ರಾಜಸ್ಥಾನದಲ್ಲಿ ಕಂಡುಬಂದನು. 2000ದಲ್ಲಿ ನಮ್ಮ ದೇಶ ಈ ರೋಗದಿಂದ ಮುಕ್ತವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿತು. ಬಾವಿಯ ರೂಪ ಬದಲಾಯಿತು, ರೋಗವೇ ಮಾಯವಾಯಿತು. ನೆಲೆಯಿಂದ ಹುಟ್ಟಿದ ಬೇನೆಗೆ ನೆಲೆಯನ್ನು ತಿದ್ದುವುದೇ ಚಿಕಿತ್ಸೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು.

ನೀರಿನ ಹಾಗೆಯೇ ದಾರಿಯೂ ಬೇನೆಯನ್ನು ಹೊತ್ತು ತರುತ್ತದೆ. ಈ ಸೀಮೆಯ ಭಕ್ತರು ಆಷಾಢದ ಏಕಾದಶಿಗೆ ಪಂಢರಪುರಕ್ಕೆ ನಡೆದು ಹೋಗುವುದು ಬಹುಕಾಲದ ರೂಢಿ. ಆಷಾಢವೆಂದರೆ ಹೊಳೆಗೆ ಹೊಸ ನೀರು ಬರುವ ಕಾಲ. ಲಕ್ಷಾಂತರ ಜನ ಒಂದೇ ಹೊಳೆಯಲ್ಲಿ ಮಿಂದು ಅದನ್ನೇ ಕುಡಿಯುವಾಗ ಒಬ್ಬನ ವಾಂತಿಭೇದಿ ನೂರು ಜನಕ್ಕೆ ಹತ್ತುವುದು ಸುಲಭ. ಹತ್ತೊಂಬತ್ತನೆಯ ಶತಮಾನದ ಆರೋಗ್ಯಾಧಿಕಾರಿಗಳು ಪಂಢರಪುರದ ಯಾತ್ರೆಯ ಮೇಲೆ ಸದಾ ಕಣ್ಣಿಟ್ಟಿದ್ದರು. ಯಾತ್ರಿಕರು ಮರಳಿದ ದಾರಿಗಳ ಮೇಲೆ ರೋಗವೂ ಹಳ್ಳಿಯಿಂದ ಹಳ್ಳಿಗೆ ನಡೆಯುತ್ತದೆಂಬುದು ಅವರ ಅನುಭವ. ರಾಯಬಾಗ ತಾಲೂಕಿನ ಚಿಂಚಲಿಯಲ್ಲಿ ಭಾರತ ಹುಣ್ಣಿಮೆಗೆ ಮಾಯಕ್ಕನ ಜಾತ್ರೆ ನೆರೆಯುತ್ತದೆ. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಚಕ್ಕಡಿಗಳು ಅಲ್ಲಿ ಬಿಡಾರ ಹೂಡುತ್ತವೆ. ಇಂಥ ಜಾತ್ರೆಗಳಲ್ಲಿ ಕುಡಿಯುವ ನೀರಿಗೆ ಔಷಧಿ ಬೆರೆಸುವುದು, ತಾತ್ಕಾಲಿಕ ದವಾಖಾನೆ ತೆರೆಯುವುದು ಈಗ ವಾಡಿಕೆಯ ಮಾತಾಗಿದೆ. ಆ ವಾಡಿಕೆಯ ಹಿಂದೆ ಎಷ್ಟು ಜನರ ಸಾವು ಇದೆಯೆಂಬುದನ್ನು ನಾವು ಮರೆತಿದ್ದೇವೆ.

ಚಕ್ಕಡಿಯ ದಾರಿ ನಿಧಾನದ್ದು. ಬೇನೆಯೂ ಅದರಲ್ಲಿ ನಿಧಾನವಾಗಿಯೇ ಬರುತ್ತಿತ್ತು. 1890ರ ಸುಮಾರಿಗೆ ದಕ್ಷಿಣ ಮರಾಠಾ ರೈಲ್ವೆಯ ಹಳಿ ಪುಣೆಯಿಂದ ಮಿರಜಿನ ಮೇಲೆ ಬೆಳಗಾವಿಗೂ ಲೋಂಡಕ್ಕೂ ಕೂಡಿಕೊಂಡಿತು. ಶೇಡಬಾಳ, ಉಗಾರ ಖುರ್ದ, ಕೃಷ್ಣೆಯ ಸೇತುವೆ, ಕುಡಚಿ, ಚಿಂಚಲಿ, ರಾಯಬಾಗ, ಚಿಕ್ಕೋಡಿ ರೋಡ್, ಘಟಪ್ರಭಾ, ಹೀಗೆ ಈ ಸೀಮೆಯ ನಡುವೆಯೇ ಅದು ಹಾದುಹೋಯಿತು. ಚಿಕ್ಕೋಡಿ ರೋಡ್ ಎಂಬ ಹೆಸರನ್ನು ಗಮನಿಸಿ. ಸ್ಟೇಷನ್ನು ಚಿಕ್ಕೋಡಿಯಲ್ಲಿಲ್ಲ, ಚಿಕ್ಕೋಡಿಗೆ ಹೋಗುವ ದಾರಿಯಲ್ಲಿದೆ ಎಂದೇ ಅದರ ಅರ್ಥ. ಅಥಣಿಗೂ ನಿಪ್ಪಾಣಿಗೂ ರೈಲು ಬರಲಿಲ್ಲ. ಹೀಗೆ ಹಳಿಯ ಹತ್ತಿರದ ಊರು, ಹಳಿಯಿಂದ ದೂರದ ಊರು ಎಂಬ ಹೊಸ ಭೇದವೊಂದು ಹುಟ್ಟಿತು.

ಆ ಹಳಿಯ ಮೇಲೆ ಮೊದಲು ಬಂದ ದೊಡ್ಡ ಅತಿಥಿ ಪ್ಲೇಗು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಮಹಾಮಾರಿ ಧಾನ್ಯದ ಚೀಲ, ಹತ್ತಿಯ ಅಂಡಿಗೆ, ಪ್ರಯಾಣಿಕರ ಗಂಟುಮೂಟೆ ಇವುಗಳ ಜೊತೆಗೆ ಪ್ರಯಾಣ ಮಾಡಿತು. ಬೆಳಗಾವಿ, ಧಾರವಾಡ ಜಿಲ್ಲೆಗಳು ಮುಂಬಯಿ ಇಲಾಖೆಯಲ್ಲಿ ಅತಿ ಹೆಚ್ಚು ನೊಂದ ಜಿಲ್ಲೆಗಳ ಸಾಲಿಗೆ ಸೇರಿದುವು. ಇಲಿಯ ಮೈಮೇಲಿನ ಚಿಗಟವೇ ರೋಗವನ್ನು ಹರಡುತ್ತದೆಂದು 1898ರಲ್ಲಿ ಪಾಲ್ ಲೂಯಿ ಸಿಮೋಂ ಎಂಬ ಫ್ರೆಂಚ್ ವೈದ್ಯನು ಕರಾಚಿಯಲ್ಲಿ ತೋರಿಸಿದನು. ಚಿಗಟಕ್ಕೆ ಬೇಕಾದದ್ದು ತಂಪು ಮತ್ತು ತೇವ. ದಖ್ಖಣದ ಬೇಸಗೆಯ ಒಣ ಸೆಕೆಯಲ್ಲಿ ಅದು ಬಾಳಲಾರದು. ಆದುದರಿಂದಲೇ ಇಲ್ಲಿ ಪ್ಲೇಗು ಮಳೆಗಾಲದ ಕೊನೆಗೆ ಎದ್ದು, ಚಳಿಗಾಲದಲ್ಲಿ ಉರಿದು, ಬೇಸಗೆಯಲ್ಲಿ ಅಡಗುತ್ತಿತ್ತು. ಮಾರಿ ಬಂದಳು, ಹೋದಳು ಎಂದು ಜನ ತಿಳಿದದ್ದರ ಹಿಂದೆ ಹವೆಯ ಲೆಕ್ಕವಿತ್ತು.

ಜನರು ತಮ್ಮಷ್ಟಕ್ಕೆ ಒಂದು ಉಪಾಯವನ್ನು ಕಂಡುಕೊಂಡರು. ಇಲಿ ಸತ್ತು ಬಿದ್ದೊಡನೆ ಮನೆಗೆ ಬೀಗ ಹಾಕಿ ಹೊಲದಲ್ಲಿ ಗುಡಿಸಲು ಕಟ್ಟಿಕೊಂಡು ಉಳಿದರು. ಜೋಳದ ದಂಟಿನ ಆ ಗುಡಿಸಲುಗಳಲ್ಲಿ ಮದುವೆಗಳಾದುವು, ಬಾಣಂತನಗಳಾದುವು. ಇಲಿ ಮತ್ತು ಮನುಷ್ಯನ ನಡುವೆ ದೂರವನ್ನು ಇಡುವ ಈ ಉಪಾಯ ಶಾಸ್ತ್ರಕ್ಕೂ ಒಪ್ಪಿತವಾದದ್ದೇ ಆಗಿತ್ತು. ಇತ್ತ ಮುಂಬಯಿಯಲ್ಲಿ ಹಾಫ್‌ಕಿನ್ ಎಂಬ ವಿಜ್ಞಾನಿ 1897ರಲ್ಲಿ ಪ್ಲೇಗಿನ ಲಸಿಕೆಯನ್ನು ಸಿದ್ಧಪಡಿಸಿದನು. ಮರುವರ್ಷ ಅದನ್ನು ದೊಡ್ಡ ಪ್ರಮಾಣದಲ್ಲಿ ಚುಚ್ಚಿದ್ದು ನಮ್ಮ ಹುಬ್ಬಳ್ಳಿಯಲ್ಲಿ. ಊರಿನ ಬಹುಪಾಲು ಜನ ಸೂಜಿಗೆ ತೋಳು ಒಡ್ಡಿದರು. ಸೂಜಿಗೆ ಹೆದರಿ ಓಡಿದವರೂ ಇದ್ದರು. ಪ್ಲೇಗಿಗೆ ಹೆದರಿ ಸೂಜಿಯನ್ನು ಹುಡುಕಿಕೊಂಡು ಬಂದವರೂ ಇದ್ದರು. ಈ ರೋಗ ಭಾರತದಲ್ಲಿ ಕೆಲವೇ ದಶಕಗಳಲ್ಲಿ ಒಂದು ಕೋಟಿಗೂ ಮಿಕ್ಕಿ ಜನರನ್ನು ಬಲಿ ತೆಗೆದುಕೊಂಡಿತು.

ಆದರೆ ಹಳಿಗೆ ಪಾಪದ ಹೊರೆಯನ್ನಷ್ಟೇ ಹೊರಿಸಬಾರದು. ಮಾರಿ ಬಂದ ಅದೇ ದಾರಿಯಲ್ಲಿ ಮದ್ದೂ ಬಂದಿತು. ಕೆನಡಾ ದೇಶದಲ್ಲಿ ಹುಟ್ಟಿದ ವಿಲಿಯಂ ಜೇಮ್ಸ್ ವಾನ್ಲೆಸ್ ಎಂಬ ತರುಣ ವೈದ್ಯನು 1889ರಲ್ಲಿ ಅಮೇರಿಕದ ಪ್ರೆಸ್ಬಿಟೇರಿಯನ್ ಮಿಶನ್ನಿನ ಪರವಾಗಿ ಭಾರತಕ್ಕೆ ಬಂದನು. ಕೆಲವು ವರ್ಷಗಳಲ್ಲಿ ಅವನು ಮಿರಜಿನಲ್ಲಿ ನೆಲೆನಿಂತನು. 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆಯಿತು. 1897ರಲ್ಲಿ ವೈದ್ಯಶಾಲೆ ಆರಂಭವಾಯಿತು. ಮಿರಜವನ್ನೇ ಏಕೆ ಆರಿಸಿಕೊಳ್ಳಬೇಕು? ನಕಾಶೆ ತೆರೆದು ನೋಡಿದರೆ ಉತ್ತರ ಸಿಗುತ್ತದೆ. ಪುಣೆ, ಬೆಳಗಾವಿ, ಕೊಲ್ಹಾಪುರ ಮೂರು ಕಡೆಯ ಹಳಿಗಳು ಕೂಡುವ ಜಂಕ್ಷನ್ನು ಅದು. ಆಸ್ಪತ್ರೆಯಲ್ಲಿ ಎಷ್ಟು ನಿಪುಣರಿದ್ದರೂ ರೋಗಿ ಅಲ್ಲಿಗೆ ಮುಟ್ಟಬೇಕಷ್ಟೆ. ಮಿರಜಕ್ಕೆ ರೋಗಿ ಮುಟ್ಟುತ್ತಿದ್ದನು.

ಆಗಿನ ರಾಜಕೀಯ ನಕಾಶೆಯಾದರೋ ಹರಿದ ಕೌದಿಯಂತೆ ಇದ್ದಿತು. ಚಿಕ್ಕೋಡಿ, ಅಥಣಿ ಇಂಗ್ಲಿಷರ ಆಳ್ವಿಕೆಯ ತಾಲೂಕುಗಳು. ರಾಯಬಾಗ ಕೊಲ್ಹಾಪುರದ ಮಹಾರಾಜರದು. ಮಿರಜ, ಸಾಂಗಲಿ, ಕುರುಂದವಾಡ, ಜಮಖಂಡಿಗಳಲ್ಲಿ ಪಟವರ್ಧನ ಮನೆತನದ ಸಂಸ್ಥಾನಗಳು. ಒಂದು ಹೊಲ ದಾಟಿದರೆ ಒಂದು ರಾಜ್ಯ. ಆದರೂ ಕಣ್ಣಿಗೆ ಪೊರೆ ಬಂದ ಅಜ್ಜಿಯನ್ನು ಕರೆದೊಯ್ಯುವ ಮೊಮ್ಮಗನನ್ನು ಯಾರೂ ತಡೆಯಲಿಲ್ಲ. ಕುಡಚಿಯಲ್ಲಿ ರೈಲು ಹತ್ತಿದರೆ ಮಿರಜ. ಬುತ್ತಿ ಕಟ್ಟಿಕೊಂಡು ಹೋಗುವುದು, ರೋಗಿಯ ಜೊತೆಯವರು ಅಲ್ಲಿಯೇ ಒಲೆ ಹೂಡಿ ಅಡಿಗೆ ಮಾಡಿಕೊಳ್ಳುವುದು, ಕನ್ನಡದಲ್ಲಿ ನೋವು ಹೇಳಿ ಮರಾಠಿಯಲ್ಲಿ ಪಥ್ಯ ಕೇಳಿಕೊಂಡು ಬರುವುದು, ಇದೆಲ್ಲ ಈ ಸೀಮೆಯವರಿಗೆ ರೂಢಿಯಾಯಿತು. ಕುಷ್ಠರೋಗಿಗಳಿಗೂ ಕ್ಷಯರೋಗಿಗಳಿಗೂ ಅಲ್ಲಿ ಬೇರೆ ಬೇರೆ ನೆಲೆಗಳಾದುವು. ಮಿರಜಿಗೂ ಸಾಂಗಲಿಗೂ ನಡುವಿನ ಕ್ಷಯದ ಆರೋಗ್ಯಧಾಮದ ಊರಿಗೆ ವಾನ್ಲೆಸ್‌ವಾಡಿ ಎಂದೇ ಹೆಸರು. 1928ರಲ್ಲಿ ವಾನ್ಲೆಸ್ ನಿವೃತ್ತನಾಗಿ ಹೋದನು. 1962ರಲ್ಲಿ ಮಿರಜಿನಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಸ್ಥಾಪನೆಯಾಯಿತು. ಒಂದು ಆಸ್ಪತ್ರೆಯ ಸುತ್ತ ನೂರು ದವಾಖಾನೆಗಳು ಬೆಳೆದು, ಇಂದು ಮಿರಜ ವೈದ್ಯರ ಊರೆಂದೇ ಹೆಸರಾಗಿದೆ.

ಸಂಗೀತಪ್ರಿಯರಿಗೆ ಮಿರಜದ ಇನ್ನೊಂದು ಕತೆಯೂ ಗೊತ್ತು. ಖಾನ್‌ಸಾಹೇಬ ಅಬ್ದುಲ್ ಕರೀಂಖಾನರು ಪ್ಲೇಗಿನ ದಿನಗಳಲ್ಲಿ ಕಾಯಿಲೆಯಿಂದ ಮಿರಜಕ್ಕೆ ಬಂದು, ಮೀರಾಸಾಹೇಬರ ದರ್ಗಾದಲ್ಲಿ ಹಾಡಿ ಗುಣಮುಖರಾದರೆಂದೂ, ಆ ಕೃತಜ್ಞತೆಯಿಂದಲೇ ಆ ಊರನ್ನು ತಮ್ಮ ನೆಲೆ ಮಾಡಿಕೊಂಡರೆಂದೂ ಹೇಳುತ್ತಾರೆ. ಅವರು ತೀರಿಕೊಂಡದ್ದು 1937ರಲ್ಲಿ. ಅವರ ಸಮಾಧಿಯೂ ಅಲ್ಲಿಯೇ ಇದೆ. ಔಷಧಿಯೋ ಹರಕೆಯೋ, ಅದು ಅವರವರ ನಂಬುಗೆಗೆ ಬಿಟ್ಟದ್ದು. ಗುಣವಾಗಬೇಕಾದರೆ ಮಿರಜಕ್ಕೆ ಹೋಗಬೇಕೆಂಬ ಮಾತು ಮಾತ್ರ ಎರಡು ದಾರಿಯಿಂದಲೂ ನಿಂತಿತು.

ಇದೇ ಹಳಿಯ ಮೇಲೆ ತೆಂಕಣಕ್ಕೆ ಹೋದರೆ ಘಟಪ್ರಭೆಯ ಆರೋಗ್ಯಧಾಮ. ಸೇವಾದಳದ ಕಟ್ಟಾಳು ಡಾಕ್ಟರ್ ನಾ. ಸು. ಹರ್ಡೀಕರರ ಹೆಸರು ಅದರೊಡನೆ ಬೆಸೆದುಕೊಂಡಿದೆ. ಒಣ ಹವೆ, ಹರಿಯುವ ನದಿ, ಕೈಗೆ ಸಿಗುವ ಸ್ಟೇಷನ್ನು ಈ ಮೂರೂ ಅಲ್ಲಿ ಒಟ್ಟಿಗಿದ್ದುವು. ಪರದೇಶದ ಮಿಶನ್ನಿನವರಿಗೆ ಬಡಗಣದಲ್ಲಿ ಕಂಡದ್ದೇ ದೇಶಭಕ್ತರಿಗೆ ತೆಂಕಣದಲ್ಲಿ ಕಂಡಿತು. ಒಳ್ಳೆಯ ಹವೆಯೂ ಒಳ್ಳೆಯ ದಾರಿಯೂ ಕೂಡಿದ ಕಡೆಯಲ್ಲಿಯೇ ಆಸ್ಪತ್ರೆ ಬಾಳುತ್ತದೆ.

ಹಳಿಯಿಂದ ದೂರ ಉಳಿದ ನಿಪ್ಪಾಣಿಯ ಕತೆ ಬೇರೆ. ಅಲ್ಲಿಯ ಮಣ್ಣು ಮತ್ತು ಹವೆ ಬೀಡಿಯ ತಂಬಾಕಿಗೆ ಒಗ್ಗಿದುವು. ಪುಣೆ-ಬೆಂಗಳೂರು ಹೆದ್ದಾರಿ ಪಕ್ಕದಲ್ಲಿಯೇ ಇದ್ದುದರಿಂದ ತಂಬಾಕಿನ ದೊಡ್ಡ ಪೇಟೆ ಬೆಳೆಯಿತು. ನೆಲ ಕೊಟ್ಟ ಬೆಳೆಯೇ ನೆಲದವರ ಎದೆಗೆ ಬೇನೆಯನ್ನೂ ತಂದಿತು. ವಖಾರಿಗಳಲ್ಲಿ ತಂಬಾಕು ಕುಟ್ಟಿ, ಜರಡಿ ಹಿಡಿದು, ಸೋಸುವ ಕೆಲಸ ಹೆಂಗಸರದು. ಆ ಘಾಟು ಧೂಳು ಮೂಗು, ಗಂಟಲು, ಪುಪ್ಪುಸಗಳನ್ನು ಸೇರುತ್ತದೆ; ಕೆಮ್ಮು, ತಲೆಸುತ್ತು, ವಾಕರಿಕೆ ನಿತ್ಯದ ಸಂಗಾತಿಗಳು. ಹಸಿ ಎಲೆಯನ್ನು ಕೈಯಾಡಿಸಿದರೆ ತಂಬಾಕಿನ ನಂಜು ಚರ್ಮದ ಮೂಲಕವೂ ಮೈಗೆ ಏರುತ್ತದೆ. 1980ರ ಸುಮಾರಿನಲ್ಲಿ ಈ ಹೆಂಗಸರು ಸಂಘ ಕಟ್ಟಿಕೊಂಡು ಕೂಲಿಗಾಗಿಯೂ ಮನುಷ್ಯರಂತೆ ದುಡಿಯುವುದಕ್ಕಾಗಿಯೂ ಹೋರಾಡಿದರು. ಅವರನ್ನು ಕುರಿತು ಯುಗಾಂತರ ಎಂಬ ಮಹಿಳೆಯರ ತಂಡ 1982ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೂ ತೆಗೆಯಿತು. ಬೀಡಿಯ ಮೇಲೆ ಸುಂಕ ಹಾಕಿ ಆ ಹಣದಿಂದ ಬೀಡಿ ಕೆಲಸಗಾರರಿಗೆ ದವಾಖಾನೆ ಮೊದಲಾದ ಸೌಕರ್ಯ ಒದಗಿಸುವ ಕಾಯಿದೆ 1976ರಲ್ಲಿ ಬಂದಿತ್ತು; 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಬಂದಾಗ ಆ ಸುಂಕ ನಿಂತುಹೋಯಿತು. ಧೂಳು ಮಾತ್ರ ನಿಂತಿಲ್ಲ.

ಕೃಷ್ಣೆಯ ದಂಡೆಯಲ್ಲಿ ಬೆಳೆದದ್ದು ಕಬ್ಬು. 1939ರಲ್ಲಿ ಉಗಾರ ಖುರ್ದದಲ್ಲಿ ಸಕ್ಕರೆ ಕಾರಖಾನೆಯ ಕಂಪನಿ ಸ್ಥಾಪನೆಯಾಯಿತು. ಆಮೇಲೆ ಪಂಪು, ಕಾಲುವೆ, ಏತ ನೀರಾವರಿ ಇವುಗಳಿಂದ ಜಾಂಗಲ ದೇಶವು ಮನುಷ್ಯನ ಕೈಯಿಂದ ಆನೂಪ ದೇಶವಾಗುತ್ತ ಬಂದಿತು. ನೀರು ಬಂದಲ್ಲಿ ಸೊಳ್ಳೆಯೂ ಬರುತ್ತದೆ. ಮುಂಬಯಿ ಪ್ರಾಂತದ ಮಲೇರಿಯಾ ತಜ್ಞರಾದ ಡಾಕ್ಟರ್ ಡಿ. ಕೆ. ವಿಶ್ವನಾಥನ್ನರು 1946ರ ಸುಮಾರಿನಲ್ಲಿ ಉತ್ತರ ಕನ್ನಡ, ಧಾರವಾಡ ಜಿಲ್ಲೆಗಳ ಹಳ್ಳಿಗಳಲ್ಲಿ ಡಿ.ಡಿ.ಟಿ. ಸಿಂಪಡಿಸಿ ಚಳಿಜ್ವರವನ್ನು 1953ರ ರಾಷ್ಟ್ರೀಯ ಯೋಜನೆಗಿಂತಲೂ ಮುಂಚೆ ಹಿಡಿತಕ್ಕೆ ತಂದಿದ್ದರು. ಚಳಿಜ್ವರ ಹಿಮ್ಮೆಟ್ಟಿದರೂ ಕಬ್ಬಿನ ನೆಲಕ್ಕೆ ತನ್ನದೇ ಆದ ಅಪಾಯಗಳಿವೆ. ಮಿತಿಮೀರಿ ನೀರುಂಡ ಎರೆಭೂಮಿ ಸವಳು-ಜವಳಾಗುತ್ತದೆ. ಕಬ್ಬಿನ ಒತ್ತಿನಲ್ಲಿ ಇಲಿ, ಇಲಿಯ ಬೆನ್ನಿಗೆ ಹಾವು.

ಇನ್ನೂ ಒಂದು ವಿಶೇಷ. ನೀರಾವರಿಯಿಂದಾಗಿ ಒಕ್ಕಲಿಗರು ಊರು ಬಿಟ್ಟು ತಮ್ಮ ತಮ್ಮ ತೋಟಗಳಲ್ಲಿಯೇ ಮನೆ ಕಟ್ಟಿಕೊಂಡಿದ್ದಾರೆ. ಚಿಕ್ಕೋಡಿ, ರಾಯಬಾಗ, ಅಥಣಿಗಳಲ್ಲಿ ಎಷ್ಟೋ ಶಾಲೆಗಳ ಹೆಸರೇ ಯಾರಾದರೊಬ್ಬರ ತೋಟದ ಶಾಲೆಯೆಂದು ಮುಗಿಯುತ್ತದೆ. ಗಾಳಿ ಬೆಳಕಿನ ಮಟ್ಟಿಗೆ ಇದು ಬಲು ಒಳ್ಳೆಯದು. ಆದರೆ ಬಾಣಂತಿಗೆ ನೋವು ಬಂದ ರಾತ್ರಿ, ಹಾವು ಕಚ್ಚಿದ ಸಂಜೆ, ಕೆಸರಿನ ಬಂಡಿಜಾಡಿನ ಕೊನೆಗಿರುವ ಆ ಒಂಟಿ ಮನೆಯನ್ನು ಮುಟ್ಟುವುದು ಸುಲಭವಲ್ಲ. 2008ರ ನವೆಂಬರಿನಿಂದ ಕರ್ನಾಟಕದಲ್ಲಿ 108ರ ಅಂಬುಲನ್ಸ್ ಓಡುತ್ತಿದೆ. ಅದು ಹೆದ್ದಾರಿಯವರೆಗೆ ಬೇಗ ಬರುತ್ತದೆ. ಅಲ್ಲಿಂದಾಚೆಗೆ ಆಶಾ ಕಾರ್ಯಕರ್ತೆಯ ನಡಿಗೆಯೇ ಗತಿ.

ಮಳೆಗಾಲದಲ್ಲಿ ಹೆದ್ದಾರಿಗೂ ಅಡ್ಡಿಯುಂಟು. ಸಹ್ಯಾದ್ರಿಯಲ್ಲಿ ಮಳೆ ಜೋರಾದರೆ ಇಲ್ಲಿ ಬಿಸಿಲಿದ್ದರೂ ಹೊಳೆ ಏರುತ್ತದೆ. ಕಲ್ಲೋಳ-ಯಡೂರ, ಮಲಿಕವಾಡ-ದತ್ತವಾಡ, ಕಾರದಗಾ-ಭೋಜ, ಜತ್ರಾಟ-ಭೀವಶಿ, ಹೀಗೆ ಒಂದಾದ ಮೇಲೊಂದು ತಗ್ಗಿನ ಸೇತುವೆಗಳು ಮುಳುಗುತ್ತವೆ. ಎದುರಿಗೆ ಕಾಣುವ ಊರಿನ ದವಾಖಾನೆಗೆ ಹತ್ತಾರು ಮೈಲಿನ ಬಳಸುದಾರಿ. 2005, 2019, 2021ರ ಮಹಾಪೂರಗಳಲ್ಲಿ ಊರಿಗೆ ಊರೇ ನೀರಿನಲ್ಲಿ ನಿಂತುವು. 2019ರದಂತೂ ವಿಚಿತ್ರ. ಆ ಬೇಸಗೆಯಲ್ಲಿ ಕೃಷ್ಣೆ ಬತ್ತಿ, ಕುಡಿಯುವ ನೀರಿಗಾಗಿ ಕೊಯ್ನಾ ಜಲಾಶಯದಿಂದ ನೀರು ಬಿಡಿರೆಂದು ಕರ್ನಾಟಕವು ಮಹಾರಾಷ್ಟ್ರವನ್ನು ಕೇಳಬೇಕಾಯಿತು. ಆಗಸ್ಟಿನಲ್ಲಿ ಅದೇ ನದಿ ಮನೆಗಳನ್ನು ನುಂಗಿತು. ಜಾಂಗಲದ ಬೇನೆಯನ್ನೂ ಆನೂಪದ ಬೇನೆಯನ್ನೂ ಒಂದೇ ವರ್ಷದಲ್ಲಿ ಒಂದೇ ಊರು ಉಂಡಿತು.

ಇನ್ನು ಗಡಿಯ ಮಾತು. 1948-49ರಲ್ಲಿ ಪಟವರ್ಧನರ ಸಂಸ್ಥಾನಗಳೂ ಕೊಲ್ಹಾಪುರವೂ ಮುಂಬಯಿ ಪ್ರಾಂತದಲ್ಲಿ ವಿಲೀನವಾದುವು. 1956ರ ನವೆಂಬರ್ 1ರಂದು ಬೆಳಗಾವಿ ಜಿಲ್ಲೆ ವಿಶಾಲ ಮೈಸೂರು ರಾಜ್ಯಕ್ಕೆ ಸೇರಿತು. ಮಿರಜ, ಕೊಲ್ಹಾಪುರಗಳು ಆಚೆಗೆ ಉಳಿದುವು. ಆ ಗೆರೆಯ ವಾದ ಇನ್ನೂ ಸುಪ್ರೀಂ ಕೋರ್ಟಿನಲ್ಲಿದೆ. ಅದರ ತೀರ್ಪು ಈ ಮಾತಿನ ವಿಷಯವಲ್ಲ. ದೂರದ ಲೆಕ್ಕವನ್ನಷ್ಟೇ ನೋಡೋಣ. ಅಥಣಿಯಿಂದ ಮಿರಜಕ್ಕೆ ಸುಮಾರು 55 ಕಿಲೋಮೀಟರ್. ಬೆಳಗಾವಿಗೆ ಅದರ ಎರಡು ಪಟ್ಟಿಗೂ ಹೆಚ್ಚು. ನಿಪ್ಪಾಣಿಯಿಂದ ಕೊಲ್ಹಾಪುರಕ್ಕೆ ಸುಮಾರು 40. ಬೆಳಗಾವಿಗೆ ಸುಮಾರು 75. ಬೆಳಗಾವಿಯಲ್ಲಿ 1963ರಿಂದ ಮೆಡಿಕಲ್ ಕಾಲೇಜು ಇದೆ, ದೊಡ್ಡ ಆಸ್ಪತ್ರೆಗಳಿವೆ. ಆದರೂ ಜೀವ ಗಂಟಲಿಗೆ ಬಂದಾಗ ಮನುಷ್ಯ ಹತ್ತಿರದ ಬಾಗಿಲನ್ನೇ ತಟ್ಟುತ್ತಾನೆ.

ಆ ಬಾಗಿಲು ಮುಚ್ಚಿದರೆ ಏನಾಗುತ್ತದೆಂಬುದನ್ನು ಕೋವಿಡ್ಡಿನ ಕಾಲ ತೋರಿಸಿತು. 2020ರಲ್ಲಿಯೂ 2021ರಲ್ಲಿಯೂ ನಿಪ್ಪಾಣಿಯ ಕೊಗನೊಳ್ಳಿಯಲ್ಲಿ, ಕಾಗವಾಡದಲ್ಲಿ ತಪಾಸಣೆಯ ನಾಕೆಗಳು ಎದ್ದುವು. ರೋಗವನ್ನು ತಡೆಯುವುದಕ್ಕಾಗಿ ಹಾಕಿದ ತಡೆ ರೋಗಿಯ ದಾರಿಯ ಮೇಲೆಯೂ ನಿಂತಿತು. ಕನ್ನಡ ನಾಡಿನ ಇನ್ನೊಂದು ಅಂಚಿನಲ್ಲಿ, ಕಾಸರಗೋಡಿನಲ್ಲಿ, ಇದು ಇನ್ನೂ ಕಠಿಣವಾಗಿ ಕಂಡಿತು. ಅಲ್ಲಿಯ ಜನ ದೊಡ್ಡ ಚಿಕಿತ್ಸೆಗೆ ಬಹುಕಾಲದಿಂದ ಮಂಗಳೂರನ್ನೇ ನಂಬಿದವರು. 2020ರ ಮಾರ್ಚಿಯಲ್ಲಿ ಗಡಿಯ ರಸ್ತೆಗಳು ಮುಚ್ಚಿದಾಗ ಹಲವು ರೋಗಿಗಳು ದಾರಿ ಸಿಗದೆ ತೀರಿಕೊಂಡರು. ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳಿಗೆ ಹೋದ ಮೇಲೆ ಏಪ್ರಿಲ್ ಮೊದಲ ವಾರದಲ್ಲಿ ತಲಪಾಡಿಯಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಡಲು ಒಪ್ಪಿಗೆಯಾಯಿತು. 2023ರಲ್ಲಿ ಮಹಾರಾಷ್ಟ್ರ ಸರಕಾರ ತನ್ನ ಆರೋಗ್ಯ ಯೋಜನೆಯೊಂದನ್ನು ಕರ್ನಾಟಕದೊಳಗಿನ 865 ಹಳ್ಳಿಗಳಿಗೆ ಚಾಚಿತು. ಕರ್ನಾಟಕ ಸರಕಾರ ಅದನ್ನು ಬಲವಾಗಿ ಆಕ್ಷೇಪಿಸಿತು. ಔಷಧಿಯ ಚೀಟಿ ಕೂಡ ಗಡಿಯ ವಾದದೊಳಗೆ ಬಂದುಬಿಟ್ಟಿತು.

ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮ ಗಾದೆ. ಈ ಸೀಮೆಯವರಿಗೆ ಮದ್ದಿನ ಗಿಡ ಇರುವುದೇ ನೆರೆಯವನ ಹಿತ್ತಲಿನಲ್ಲಿ. ನಿಪ್ಪಾಣಿ, ಕಾಗವಾಡಗಳು ಈಚಿನ ವರ್ಷಗಳಲ್ಲಿ ಬೇರೆ ತಾಲೂಕುಗಳಾಗಿವೆ. ಹೊಸ ತಾಲೂಕಿಗೆ ಕಚೇರಿ ಬರುತ್ತದೆ. ಅದಕ್ಕಿಂತ ಮುಂಚೆ ತಜ್ಞ ವೈದ್ಯರಿರುವ ಆಸ್ಪತ್ರೆ ಬರಬೇಕು. ಪೂರ ಏರದಷ್ಟು ಎತ್ತರದ ಸೇತುವೆ ಬೇಕು, ಒಂಟಿ ಮನೆಯವರೆಗೆ ಗಟ್ಟಿ ದಾರಿ ಬೇಕು, ಹಾವಿನ ನಂಜಿನ ಔಷಧಿ ಹತ್ತಿರದ ಕೇಂದ್ರದಲ್ಲಿಯೇ ಇರಬೇಕು. ಅಷ್ಟಾಗುವವರೆಗೆ, ಆದ ಮೇಲೂ, ಗಡಿಯಾಚೆಯ ಆಸ್ಪತ್ರೆಯಲ್ಲಿ ಈಚೆಯ ಬಡವನಿಗೆ ಖರ್ಚಿಲ್ಲದೆ ಚಿಕಿತ್ಸೆ ದೊರೆಯುವಂಥ ಒಪ್ಪಂದ ಎರಡು ಸರಕಾರಗಳ ನಡುವೆ ಇರಬೇಕು.

ನೆಲ ಕೊಟ್ಟದ್ದೆಲ್ಲ ಹಣೆಬರಹವಲ್ಲ. ಮೆಟ್ಟಿಲು ಬಾವಿಯನ್ನು ತಿದ್ದಿ ನಾರುಹುಣ್ಣನ್ನು ಅಟ್ಟಿದವರು ನಾವೇ. ಮಾರಿ ಬಂದ ಹಳಿಯ ಮೇಲೆಯೇ ಮದ್ದನ್ನೂ ಬರಮಾಡಿಕೊಂಡದ್ದೂ ಇದೇ ನೆಲ. ಹಿಂದೆ ನಾಲ್ಕಾರು ಸಂಸ್ಥಾನಗಳ ಗಡಿಯನ್ನು ದಾಟಿ ಕಣ್ಣಿನ ಪೊರೆ ತೆಗೆಸಿಕೊಂಡು ಮರಳಿದ ಅಜ್ಜಿಗೆ ಯಾರ ರಾಜ್ಯದಲ್ಲಿ ದೃಷ್ಟಿ ಬಂದಿತೆಂಬ ಪ್ರಶ್ನೆಯೇ ಹುಟ್ಟಲಿಲ್ಲ. ಮನೆಯ ಬಾಗಿಲಿನಲ್ಲಿ ನಿಂತಿದ್ದ ಮೊಮ್ಮಕ್ಕಳ ಮುಖ ಕಂಡಿತು. ಅವಳಿಗೆ ಅಷ್ಟು ಸಾಕಾಗಿತ್ತು.